ಗಾರೆ ಕೋರ್ಸಿಗೆ ಹೊರಟ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡಲಿಲ್ಲ. ಬರೆದು ಹೇಳೋಣ ಅನ್ನಿಸಿತು. ಮಾತಾಡಲು ಕೂತರೆ ನೀನು ಅವಸರ ಮಾಡುತ್ತೀಯ, ನಾನು ಮರೆತುಬಿಡುತ್ತೇನೆ.

ಎರಡು ಮೂರು ತಿಂಗಳ ಪ್ಲಾಸ್ಟರಿಂಗ್ ಕೋರ್ಸ್ ಮುಗಿಸಿದರೆ ಸ್ವಂತವಾಗಿ ಕೆಲಸ ಹಿಡಿಯಬಹುದಾ ಅಂತ ಕೇಳಿದೆ. ಕೋರ್ಸಿಗೆ ಸೇರು, ಪುಟ್ಟಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮುಗಿದ ಕೂಡಲೇ ಯಾರದೋ ಮನೆಯನ್ನು ನಿನ್ನ ಹೆಸರಲ್ಲಿ ಒಪ್ಪಿಕೊಳ್ಳಬೇಡ. ಕೆಲಸಕ್ಕೆ ಸೇರಿಸಿಕೊಳ್ಳುವಷ್ಟು ಆ ಕೋರ್ಸ್ ಸಾಕು. ಗೋಡೆಗೆ ಜವಾಬ್ದಾರಿ ಹೊರುವಷ್ಟು ಸಾಲದು.

ಅಪ್ಪ ಗಾರೆ ಮೇಸ್ತ್ರಿ. ನಾನು ಅದೇ ಗೋಡೆಗಳಿಗೆ ಕಲಸಿ, ಬಾಂಡ್ಲಿ ಹೊತ್ತು ಕೊಟ್ಟವಳು. ಆಮೇಲೆ ಲೆಕ್ಕದ ಪುಸ್ತಕ ಬರೆದವಳು. ಹಾಗಾಗಿ ನನಗೆ ಎರಡೂ ಕಡೆ ಗೊತ್ತು.

ಕೋರ್ಸಿನಲ್ಲಿ ಏನು ಸಿಗುತ್ತದೆ? ಗಾರೆ ಮೆತ್ತುವ ಕರಣೆ ಹಿಡಿಯುವ ರೀತಿ, ಗೋಡೆ ನೆಟ್ಟಗಿರಲು ತೂಗುಗುಂಡು ಬಿಟ್ಟು ಗುರುತು ಕಟ್ಟುವುದು, ಪಟ್ಟಿ ಎಳೆದು ಮಟ್ಟ ಮಾಡುವುದು, ಸ್ಪಾಂಜ್ ಹೊಡೆಯುವುದು. ಲೆಕ್ಕವೂ ಹೇಳಿಕೊಡುತ್ತಾರೆ. ಒಳಗೋಡೆಗೆ 12 ಮಿಲಿಮೀಟರ್ ದಪ್ಪ, ಒಂದಕ್ಕೆ ಆರು, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಹೊರಗೋಡೆಗೆ ಎರಡು ಪದರ ಸೇರಿ 20 ಮಿಲಿಮೀಟರ್, ಒಂದಕ್ಕೆ ನಾಲ್ಕು. ಸೀಲಿಂಗಿಗೆ 6 ಮಿಲಿಮೀಟರ್. ಇದನ್ನೆಲ್ಲ ಸರಿಯಾಗಿ ಕಲಿ. ಸುಮಾರು ಮೇಸ್ತ್ರಿಗಳಿಗೆ ಇದು ಕೈಯಲ್ಲಿದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ನಿನಗೆ ಎರಡೂ ಇದ್ದರೆ ಇಂಜಿನಿಯರ್ ಎದುರು ಧೈರ್ಯವಾಗಿ ನಿಲ್ಲುತ್ತೀಯ.

ಆದರೆ ಅಲ್ಲಿ ಮೆತ್ತುವುದು ಅಭ್ಯಾಸದ ಗೋಡೆಗೆ. ಸಂಜೆ ಕೆರೆದು ತೆಗೆದು ಮತ್ತೆ ಮೆತ್ತುತ್ತಾರೆ. ಆ ಗೋಡೆ ಬೇಸಿಗೆಯನ್ನೂ ಕಾಣುವುದಿಲ್ಲ, ಮಳೆಗಾಲವನ್ನೂ ಕಾಣುವುದಿಲ್ಲ. ನಿಜವಾದ ಗೋಡೆ ತನ್ನ ಬಣ್ಣ ತೋರಿಸುವುದು ಆಮೇಲೆ. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಸೇರುವ ಜಾಗದಲ್ಲಿ ಕೋಳಿ ಜಾಲರಿ, ಅಂದರೆ ತೆಳು ತಂತಿಯ ಬಲೆ, ಹಾಕದಿದ್ದರೆ ಅಲ್ಲೇ ಉದ್ದಕ್ಕೆ ಬಿರುಕು ಬರುತ್ತದೆ. ನೀರು ಕುಡಿಸದ ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ನಂತರ ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ನುಣುಪು ಬರಲಿ ಅಂತ ಮೇಲೆ ಒಣ ಸಿಮೆಂಟ್ ಎರಚಿ ಉಜ್ಜಿದರೆ ಅವತ್ತು ಕನ್ನಡಿಯಂತೆ ಕಾಣುತ್ತದೆ, ಕೆಲವು ದಿನಕ್ಕೆ ಕೂದಲೆಳೆಯಂಥ ಬಿರುಕು ತುಂಬಿಕೊಳ್ಳುತ್ತದೆ. ಸೀಲಿಂಗ್ ಅಂತೂ ಇನ್ನೂ ಕಷ್ಟ. ಕಾಂಕ್ರೀಟನ್ನು ಮೊದಲು ಕಚ್ಚು ಹೊಡೆದು ಒರಟು ಮಾಡದಿದ್ದರೆ ಗಾರೆ ಹಿಡಿದುಕೊಳ್ಳುವುದೇ ಇಲ್ಲ. ಕುತ್ತಿಗೆ ಎತ್ತಿ ಮಾಡುವ ಕೆಲಸ ಅದು. ಅದಕ್ಕೆ ಕೈ ಕೂರಲು ಕಾಲ ಬೇಕು.

ಒಂದು ವಿಷಯ ಗಮನಿಸು. ಗಾರೆ ಆದಮೇಲೆ ಕನಿಷ್ಠ 7 ದಿನ ನೀರು ಹೊಡೆಯಬೇಕು. ಆ ಹೊತ್ತಿಗೆ ನೀನು ಬೇರೆ ಕಡೆ ಹೋಗಿರುತ್ತೀಯ. ಮನೆಯವರು ಎರಡು ದಿನ ಹೊಡೆದು ಸುಮ್ಮನಾಗುತ್ತಾರೆ. ಬಿರುಕು ಬಂದಾಗ ಫೋನ್ ಬರುವುದು ನಿನಗೇ. ಕೂಲಿಗೆ ಹೋದವಳಿಗೆ ಆ ಫೋನ್ ಬರುವುದಿಲ್ಲ, ಒಪ್ಪಿಕೊಂಡವಳಿಗೆ ಬರುತ್ತದೆ. ಅದಕ್ಕೇ ಹೇಳುತ್ತಿರುವುದು, ಕೋರ್ಸ್ ಮುಗಿದ ಮೇಲೆ ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಯಾವುದಾದರೂ ಒಳ್ಳೆ ತಂಡದ ಜೊತೆ ಮಾಡು. ನೀನು ಮೆತ್ತಿದ ಗೋಡೆಯನ್ನು ಆರು ತಿಂಗಳು ಬಿಟ್ಟು ಹೋಗಿ ತಟ್ಟಿ ನೋಡು.

ಅಪ್ಪನ ತಂಡ ಬೇಡ. ಅಪ್ಪನಿಗೆ ಇದು ಬೇಸರ, ನನಗೆ ಗೊತ್ತು. ಆದರೆ ಮೇಸ್ತ್ರಿ ಮಗಳ ಗೋಡೆ ಸೊಟ್ಟಗಿದ್ದರೆ ನಮ್ಮ ಹುಡುಗರು ಬಾಯಿ ಬಿಡುವುದಿಲ್ಲ. ತಾವೇ ಸರಿ ಮಾಡಿ ಮುಚ್ಚಿಹಾಕುತ್ತಾರೆ. ನಿನಗೆ ಬೇಕಿರುವುದು ಕೆರೆದು ಹಾಕು, ಮತ್ತೆ ಮಾಡು ಅನ್ನುವ ಮೇಸ್ತ್ರಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಸೈಟಿನಲ್ಲಿ ಹೆಂಗಸು ಕಂಡರೆ ಕೈಗೆ ಬಾಂಡ್ಲಿ ಕೊಡುತ್ತಾರೆ. ನನಗೆ ಕೊಟ್ಟದ್ದೂ ಅದೇ. ಗಾರೆಯ ಹದ ನನ್ನ ಕೈಗೆ ಗೊತ್ತಿತ್ತು, ಗಂಡಸರು ನನ್ನನ್ನೇ ಕೇಳಿ ನೀರು ಹಾಕುತ್ತಿದ್ದರು. ಕರಣೆ ಮಾತ್ರ ಯಾರೂ ಕೊಡಲಿಲ್ಲ, ಕೂಲಿಯೂ ಕಡಿಮೆ. ನಿನಗೆ ಹಾಗಾಗಬಾರದು. ಸೇರುವ ದಿನವೇ ಹೇಳು, ನಾನು ಹೆಣ್ಣಾಳಾಗಿ ಬರುತ್ತಿಲ್ಲ, ಗಾರೆ ಕೆಲಸಕ್ಕೆ ಬರುತ್ತಿದ್ದೇನೆ, ದಿನಕ್ಕೆ ಒಂದು ತುಂಡು ಗೋಡೆಯಾದರೂ ನನಗೆ ಬಿಡಬೇಕು ಅಂತ. ಒಪ್ಪದಿದ್ದರೆ ಬೇರೆ ಕಡೆ ಕೇಳು. ಆ ಕೋರ್ಸಿನ ಸರ್ಟಿಫಿಕೇಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಗಂಡು ಹುಡುಗನಿಗೆ ಅದಿಲ್ಲದೆಯೂ ಕರಣೆ ಸಿಗುತ್ತದೆ. ನಿನಗೆ ಅದು ಬೇಕು.

ಹೆಣ್ಣುಮಕ್ಕಳಿಗೆ ಆಗುವ ಕೆಲಸವಲ್ಲ ಅಂತ ಯಾರಾದರೂ ಅಂದರೆ ಜಾರ್ಖಂಡಿನ ರಾಣಿ ಮಿಸ್ತ್ರಿಗಳ ಬಗ್ಗೆ ಹೇಳು. ಸ್ವಚ್ಛ ಭಾರತದ ಶೌಚಾಲಯ ಕಟ್ಟುವಾಗ ಅಲ್ಲಿನ ಹಳ್ಳಿ ಹೆಂಗಸರು ತರಬೇತಿ ಪಡೆದು ತಾವೇ ಕಟ್ಟಿದರು. ಪಕ್ಕದ ಕೇರಳದಲ್ಲಿ ಕುಡುಂಬಶ್ರೀ ಅನ್ನುವ ಸರ್ಕಾರಿ ಯೋಜನೆಯ ಹೆಂಗಸರ ತಂಡಗಳು ಪೂರ್ತಿ ಮನೆಗಳನ್ನೇ ಕಟ್ಟುತ್ತಿವೆ. ಅವರು ಗುಂಪಾಗಿ ಕೆಲಸ ಹಿಡಿಯುತ್ತಾರೆ, ಅದನ್ನು ನೆನಪಿಡು. ನಿನ್ನ ಬ್ಯಾಚಿನಲ್ಲಿ ಇನ್ನೊಬ್ಬಳು ಸಿಕ್ಕರೆ ಜೊತೆಗೆ ಹೋಗಿ. ಶೌಚಾಲಯ ಇಲ್ಲದ ಸೈಟಿನಲ್ಲಿ ಒಬ್ಬಳೇ ಇರುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳು. ಕೈಗೆ ಗ್ಲೌಸ್ ಬೇಕೇ ಬೇಕು. ಸಿಮೆಂಟ್ ಚರ್ಮ ಸುಡುತ್ತದೆ. ನನ್ನ ಬೆರಳುಗಳನ್ನು ನೀನು ನೋಡಿದ್ದೀಯಲ್ವಾ?

ಇನ್ನು ಲೆಕ್ಕ. ಇದನ್ನು ಕೋರ್ಸಿನವರು ಮುಟ್ಟುವುದು ಕಡಿಮೆ, ಸ್ವಂತ ಕೆಲಸ ಉಳಿಯುವುದೋ ಮುಳುಗುವುದೋ ಮಾತ್ರ ಇದರ ಮೇಲೆ. ನೂರು ಚದರ ಅಡಿ ಒಳಗೋಡೆಗೆ ಸುಮಾರು ಮುಕ್ಕಾಲು ಮೂಟೆ ಸಿಮೆಂಟ್, ಐದಾರು ಘನ ಅಡಿ ಮರಳು ಹಿಡಿಯುತ್ತದೆ. ಗೋಡೆ ಉಬ್ಬುತಗ್ಗು ಇದ್ದರೆ ಇನ್ನೂ ಜಾಸ್ತಿ. ಅದಕ್ಕೆ ರೇಟ್ ಹೇಳುವ ಮೊದಲು ದಾರ ಕಟ್ಟಿ ನೋಡು. ಮೊದಲ ಕೆಲಸಗಳನ್ನು ಬರೀ ಕೂಲಿ ಲೆಕ್ಕದಲ್ಲಿ ಹಿಡಿ, ಸಾಮಾನು ಮನೆಯವರೇ ತರಲಿ. ಸಾಮಾನಿಗೆ ನಿನ್ನ ದುಡ್ಡು ಹಾಕಿ ಬಿಲ್ಲಿಗೆ ಅಲೆಯುವ ಶಕ್ತಿ ಈಗ ನಮಗಿಲ್ಲ.

ಜಗಳ ಹುಟ್ಟುವುದು ಅಳತೆಯಲ್ಲಿ. ಬಾಗಿಲು ಕಿಟಕಿಯ ಜಾಗವನ್ನು ಗೋಡೆಯ ಅಳತೆಯಿಂದ ಕಳೆಯಬೇಕೋ ಬೇಡವೋ ಅನ್ನುವುದರಲ್ಲಿ. ಇದಕ್ಕೆ ಐಎಸ್ 1200 ಅನ್ನುವ, ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕದ ನಿಯಮ ಇದೆ. ಅರ್ಧ ಚದರ ಮೀಟರ್, ಅಂದರೆ ಐದು ಚದರ ಅಡಿ ಚಿಲ್ಲರೆವರೆಗಿನ ತೆರಪನ್ನು ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ, ಗೋಡೆಯ ಎರಡೂ ಕಡೆ ಒಂದೇ ಥರ ಗಾರೆ ಆಗಿದ್ದರೆ, ಒಂದು ಕಡೆಯದ್ದು ಮಾತ್ರ ಕಳೆಯಬೇಕು. ಮಾಮೂಲಿ ಮೂರಡಿ ಏಳಡಿ ಬಾಗಿಲು ಇದರೊಳಗೇ ಬರುತ್ತದೆ. ಇದು ನ್ಯಾಯವೇ, ಯಾಕೆಂದರೆ ಬಾಗಿಲಿನ ಅಂಚು ತಿದ್ದಲು ಬೇರೆ ದುಡ್ಡು ಸಿಗುವುದಿಲ್ಲ, ಹೊತ್ತು ಮಾತ್ರ ಹಿಡಿಯುತ್ತದೆ. ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಕೆಲಸ ಮುಗಿದ ಮೇಲೆ ಹೇಳಿದರೆ ಮೋಸ ಅನ್ನುತ್ತಾರೆ. ಅದಕ್ಕೆ ಮೊದಲೇ ಹಾಳೆಯಲ್ಲಿ ಬರೆದು ಸಹಿ ಹಾಕಿಸು. ಸಾರವೆ ಯಾರದು, ನೀರು ಹೊಡೆಯುವುದು ಯಾರು, ಅದನ್ನೂ ಬರೆ.

ಸರ್ಕಾರದ್ದೂ ಒಂದಿಷ್ಟು ಇದೆ. ನಿನ್ನ ಗೆಳತಿ ಹೇಳಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಗಾರೆ ಕೆಲಸವೂ ಸೇರಿದೆ. ಕೆಲಸದ ಉಪಕರಣಗಳಿಗೆ 15,000 ರೂಪಾಯಿವರೆಗೆ, ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡಾ 5. ಆದರೆ ಅದು ಆಗಲೇ ಆ ಕಸುಬು ಮಾಡುತ್ತಿರುವವರಿಗೆ, ಅದೂ ಮನೆಗೆ ಒಬ್ಬರಿಗೆ. ಅಪ್ಪನ ಹೆಸರಲ್ಲಿ ಇನ್ನೂ ಹಾಕಿಲ್ಲ. ಯಾರ ಹೆಸರಲ್ಲಿ ಹಾಕುವುದು ಅಂತ ಕೂತು ಮಾತಾಡೋಣ, ನೀನು ಅವಸರದಲ್ಲಿ ಹಾಕಬೇಡ. ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ತಂಡದಲ್ಲಿ ಮಾಡಿದ ದಿನಗಳನ್ನು ಬರೆದಿಟ್ಟುಕೋ.

ಐಟಿಐನಲ್ಲಿ ಮೇಸನ್, ಅಂದರೆ ಗಾರೆ ಕೆಲಸದ ಟ್ರೇಡ್ ಒಂದು ವರ್ಷದ್ದಿದೆ. ಅದು ಆಗುವುದಾದರೆ ನನಗೆ ಇನ್ನೂ ಖುಷಿ. ಒಂದು ವರ್ಷ ಸಂಬಳ ಬಿಟ್ಟು ಕೂರಲು ಆಗುವುದಿಲ್ಲ ಅಂದೆಯಲ್ಲ, ಅದೂ ಸರಿಯೇ. ಹಾಗಿದ್ದರೆ ಚಿಕ್ಕ ಕೋರ್ಸೇ ಇರಲಿ. ಸಿಮೆಂಟ್ ಬದಲು ಮೆತ್ತುವ ಜಿಪ್ಸಂ ಗಾರೆ ಕೂಡ ಹೇಳಿಕೊಡುತ್ತಾರಾ ಕೇಳು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗೆ ಈಗ ಅದನ್ನೂ ಕೇಳುತ್ತಾರೆ. ನೀರು ಹೊಡೆಯುವ ತಾಪತ್ರಯವಿಲ್ಲ. ಅರ್ಧ ಗಂಟೆಯೊಳಗೆ ಗಟ್ಟಿಯಾಗುವುದರಿಂದ ಕೈ ಚುರುಕಾಗಿರಬೇಕು. ಬಚ್ಚಲಿಗೂ ಹೊರಗೋಡೆಗೂ ಮಾತ್ರ ಅದು ಆಗುವುದಿಲ್ಲ.

ಫೀಸ್ ಕಟ್ಟುವ ಮೊದಲು ಒಮ್ಮೆ ಆ ಜಾಗಕ್ಕೆ ಹೋಗಿ ನೋಡು. ಒಂದು ಗೋಡೆಗೆ ಎಷ್ಟು ಜನ ನಿಂತಿದ್ದಾರೆ, ಸೀಲಿಂಗ್ ಮಾಡಿಸುತ್ತಾರಾ, ಕಲಿಸುವವರು ಸೈಟಿನಲ್ಲಿ ದುಡಿದವರಾ, ಮುಗಿದ ಮೇಲೆ ನಿಜವಾದ ಕಟ್ಟಡಕ್ಕೆ ಕಳಿಸುತ್ತಾರಾ ಅಂತ ಕೇಳು. ಹೋದ ಬ್ಯಾಚಿನ ಹುಡುಗಿಯರು ಯಾರಾದರೂ ಇದ್ದರೆ ಅವರ ಹತ್ತಿರ ಮಾತಾಡು, ಅವರಿಗೆ ಈಗ ಕೈಗೆ ಏನು ಕೊಟ್ಟಿದ್ದಾರೆ ಅಂತ ತಿಳಿದುಕೋ. ಭಾನುವಾರ ಫೋನ್ ಮಾಡಿ ಹೇಳು. ಸರಿ ಕಂಡರೆ ಸೋಮವಾರ ಫೀಸಿನ ದುಡ್ಡು ಹಾಕುತ್ತೇನೆ. ಕರಣೆ ಈಗಲೇ ಕೊಳ್ಳಬೇಡ, ಅದನ್ನು ತರಲು ಅಪ್ಪ ನಿನ್ನ ಜೊತೆ ಬರುತ್ತಾರಂತೆ.

ನಿನ್ನ,
ಅಮ್ಮ