ತಲೆ ಕಡಿಯುವ ಸಿನಿಮಾ ಅಂತ ಪಕ್ಕಕ್ಕಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಹಳೆಯ ಇಂಗ್ಲಿಷ್ ಚಿತ್ರಗಳ ಮಾತು ಬಂದಾಗೆಲ್ಲ ಅದೇ ನಾಲ್ಕೈದು ಹೆಸರು ಸುತ್ತುತ್ತಿರುತ್ತವೆ. 1986ರ ‘ಹೈಲ್ಯಾಂಡರ್’ ಬಗ್ಗೆ ಯಾರಾದರೂ ಒಂದು ಪ್ಯಾರಾ ಬರೆಯಲಿ ಅಂತ ಕಾದು ಸಾಕಾಗಿ ನಾನೇ ಬರೆಯುತ್ತಿದ್ದೇನೆ. ಅದನ್ನು ಕತ್ತಿವರಸೆಯ ಚಿತ್ರ ಅಂತ ಪಕ್ಕಕ್ಕಿಡುವವರೇ ಜಾಸ್ತಿ. ಕತ್ತಿ ಇದೆ, ತಲೆಗಳೂ ಉರುಳುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಮಟ್ಟಿಗೆ ಅದು ಹೆಂಡತಿ ಮುದುಕಿಯಾಗುತ್ತಿದ್ದರೂ ತಾನು ಮಾತ್ರ ಹರೆಯದಲ್ಲೇ ನಿಂತುಬಿಟ್ಟ ಒಬ್ಬ ಗಂಡನ ಕತೆ.

ನೋಡದವರಿಗಾಗಿ ಎರಡು ಮಾತು. 1536ರ ಸ್ಕಾಟ್ಲೆಂಡ್. ಕುಲಗಳ ಜಗಳದಲ್ಲಿ ಕತ್ತಿ ಇರಿತಕ್ಕೆ ಸಾಯಬೇಕಿದ್ದ ಕಾನರ್ ಮೆಕ್ಲೌಡ್ ಸಾಯುವುದಿಲ್ಲ. ಮನೆಯವರು ಖುಷಿಪಡಬೇಕಿತ್ತು, ಅಲ್ವಾ? ಇಲ್ಲ. ಇವನಿಗೆ ದೆವ್ವ ಹಿಡಿದಿದೆ ಅಂತ ಸ್ವಂತ ಕುಲದವರೇ ಹೊಡೆದು ಓಡಿಸುತ್ತಾರೆ. ಕೆಲವು ವರ್ಷ ಕಳೆದ ಮೇಲೆ ರಾಮಿರೆಜ್ ಅನ್ನುವವನು ಹುಡುಕಿಕೊಂಡು ಬಂದು ವಿಷಯ ಬಿಡಿಸಿ ಹೇಳುತ್ತಾನೆ. ಇಂಥವರು ಇನ್ನೂ ಇದ್ದಾರೆ, ತಲೆ ಹೋದರೆ ಮಾತ್ರ ಸಾವು, ಮಕ್ಕಳಾಗುವುದಿಲ್ಲ, ಪವಿತ್ರ ಜಾಗದಲ್ಲಿ ಕತ್ತಿ ಎತ್ತುವಂತಿಲ್ಲ, ಒಬ್ಬರನ್ನೊಬ್ಬರು ಮುಗಿಸುತ್ತಾ ಹೋಗಿ ಕಡೆಗೆ ಒಬ್ಬನೇ ಉಳಿಯಬೇಕು. ಆ ಲೆಕ್ಕ ಚುಕ್ತಾ ಆಗುವುದು 1985ರ ನ್ಯೂಯಾರ್ಕಿನಲ್ಲಿ.

ಪಾತ್ರಗಳಿಗೆ ನಟರನ್ನು ಹಂಚಿದ್ದು ನೋಡಿದರೆ ನಗು ಬರುತ್ತದೆ. ಸ್ಕಾಟ್ ಹುಡುಗನಾಗಿ ಫ್ರೆಂಚ್ ನಟ ಕ್ರಿಸ್ಟೋಫರ್ ಲ್ಯಾಂಬರ್ಟ್. ಅಪ್ಪಟ ಸ್ಕಾಟ್ ಆದ ಶಾನ್ ಕಾನರಿ ಈಜಿಪ್ಟಿನಲ್ಲಿ ಹುಟ್ಟಿ ಸ್ಪೇನಿನ ಹೆಸರಿಟ್ಟುಕೊಂಡ ರಾಮಿರೆಜ್! ಅವರೋ ತಮ್ಮ ಸ್ಕಾಟಿಷ್ ಧಾಟಿಯನ್ನು ಒಂಚೂರೂ ಬಿಡುವುದಿಲ್ಲ. ಲ್ಯಾಂಬರ್ಟ್ ಮಾತಿನ ಧಾಟಿ ಯಾವ ಊರಿನದೂ ಅಲ್ಲ ಅಂತ ಆಡಿಕೊಳ್ಳುವವರಿದ್ದಾರೆ. ಅದೇ ಸರಿ ಅಂತೀನಿ ನಾನು. ನಾನೂರೈವತ್ತು ವರ್ಷ ಊರೂರು ಅಲೆದವನು ಒಂದೇ ಊರಿನವನ ಹಾಗೆ ಯಾಕೆ ಮಾತಾಡಬೇಕು? ನಿನ್ನದು ಯಾವ ಊರು ಅಂತ ಪೊಲೀಸರು ಕೇಳಿದಾಗ ಅವನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾನೆ. ಲ್ಯಾಂಬರ್ಟ್‌ಗೆ ದೃಷ್ಟಿದೋಷ ಜೋರಾಗಿತ್ತು, ಕನ್ನಡಕ ತೆಗೆದರೆ ಎದುರಿಗಿರುವುದು ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಿದ್ದೂ ಆ ಕಾಳಗಗಳನ್ನು ಮಾಡಿದರು ಅನ್ನುವುದು ನೆನಪಿದ್ದರೆ ಆ ವಿಚಿತ್ರ ನೋಟ ಇನ್ನೂ ಇಷ್ಟವಾಗುತ್ತದೆ.

ನಿರ್ದೇಶಕ ರಸೆಲ್ ಮಲ್ಕೇಹಿ ಬಂದಿದ್ದು ಮ್ಯೂಸಿಕ್ ವಿಡಿಯೋಗಳಿಂದ. 1981ರಲ್ಲಿ ಎಂಟಿವಿ ಶುರುವಾದಾಗ ಮೊಟ್ಟಮೊದಲು ಹಾಕಿದ್ದು ಅವರು ಮಾಡಿದ ವಿಡಿಯೋವನ್ನೇ. ಬರೀ ಚಮಕ್ ಅಂತ ಬೈದರು. ಆದರೆ ಕಾನರ್ ಮನೆಯ ಮೀನಿನ ತೊಟ್ಟಿಯೊಳಗಿಂದ ಕ್ಯಾಮೆರಾ ಮೇಲೇಳುತ್ತಾ ಹೋಗಿ ಸ್ಕಾಟ್ಲೆಂಡಿನ ಸರೋವರದ ನೀರಿನ ಮೇಲೆ ತೇಲುವುದನ್ನು ನೋಡಿ. ಅವನಿಗೆ ಹಳೆಯದು ಯಾವುದೂ ಹಳೆಯದಾಗಿಲ್ಲ ಅನ್ನುವುದನ್ನು ಒಂದು ಮಾತೂ ಇಲ್ಲದೆ ಹೇಳಿಬಿಟ್ಟಿದ್ದಾರೆ.

ಈಗ ಕಾನರ್ ಹೆಂಡತಿ ಹೆದರ್ ವಿಷಯ. ಗುಡ್ಡದ ಮೇಲೆ ಗಂಡ ಹೆಂಡತಿ ಇಬ್ಬರೇ. ಅವಳ ಕೂದಲು ಬೆಳ್ಳಗಾಗುತ್ತದೆ, ಅವನದು ಆಗುವುದಿಲ್ಲ. ಅವನು ಬಿಟ್ಟು ಹೋಗುವುದೂ ಇಲ್ಲ. ಹಿನ್ನೆಲೆಯಲ್ಲಿ ಬರುವುದು ಕ್ವೀನ್ ತಂಡದ ಹಾಡು. ಚಿತ್ರದ ತುಣುಕುಗಳನ್ನು ನೋಡಿ ಮನೆಗೆ ಹೋಗುವಾಗ ಕಾರಿನಲ್ಲೇ ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ಕಟ್ಟಿದರಂತೆ. ಸಾಯುವಾಗ ಹೆದರ್ ಕೇಳುವುದು ಇಷ್ಟೇ, ನನ್ನ ಹುಟ್ಟುಹಬ್ಬಕ್ಕೆ ಒಂದು ಮೇಣದಬತ್ತಿ ಹಚ್ಚು. ನ್ಯೂಯಾರ್ಕಿನ ಚರ್ಚಿನಲ್ಲಿ ಅವನು ಇನ್ನೂ ಹಚ್ಚುತ್ತಲೇ ಇದ್ದಾನೆ, ಮತ್ತು ಅವನಂತೆಯೇ ಸಾವಿಲ್ಲದ ವೈರಿ ಕುರ್ಗನ್ ಬಂದು ಪಕ್ಕದಲ್ಲಿ ಕೂರುವುದೂ ಅಲ್ಲೇ. ಪವಿತ್ರ ಜಾಗ, ಹೊಡೆದಾಡುವಂತಿಲ್ಲ, ಹಾಗಾಗಿ ಮಾತಿನಲ್ಲೇ ಚುಚ್ಚುತ್ತಾನೆ. ರಾಮಿರೆಜ್‌ನನ್ನು ಕೊಂದ ರಾತ್ರಿ ಅಲ್ಲಿದ್ದ ಅವನ ಹೆಂಗಸನ್ನೂ ಕೆಡಿಸಿದೆ ಅಂತ ಕೊಚ್ಚಿಕೊಳ್ಳುತ್ತಾನೆ. ಕಾನರ್ ಮುಖ ನೋಡಿದ ಮೇಲೆಯೇ ಅವನಿಗೆ ಹೊಳೆಯುವುದು, ಅವಳು ಇವನ ಹೆಂಡತಿ, ಮತ್ತು ಬದುಕಿರುವವರೆಗೂ ಇವನಿಗೆ ಹೇಳಿಲ್ಲ. ಕುರ್ಗನ್ ಪಾತ್ರದ ಕ್ಲ್ಯಾನ್ಸಿ ಬ್ರೌನ್ ಅಲ್ಲಿ ನಗುವುದು ನೋಡಿದರೆ ಮೈ ಉರಿಯುತ್ತದೆ. ಒಂದೇ ಒಂದು ಕತ್ತಿ ಹೊರಬರದ ಈ ದೃಶ್ಯವೇ ಇಡೀ ಚಿತ್ರದ ದೊಡ್ಡ ಹೊಡೆದಾಟ.

ತಪ್ಪುಗಳಿಲ್ಲವೇ? ಬೇಕಾದಷ್ಟಿವೆ. ರಾಮಿರೆಜ್‌ನ ಜಪಾನಿ ಕತ್ತಿಯನ್ನು ಕ್ರಿಸ್ತಪೂರ್ವ 593ರಲ್ಲಿ ಮಸಮುನೆ ಮಾಡಿದ್ದು ಅಂತಾರೆ, ಕತ್ತಿ ಮಾಡುವ ನಿಜವಾದ ಮಸಮುನೆ ಅದಕ್ಕಿಂತ ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷ ಈಚೆಗಿನವನು. ಹೋಗಲಿ ಬಿಡಿ.

ಬೇಜಾರಾಗುವುದು ಬೇರೆ ವಿಷಯಕ್ಕೆ. ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಎರಡನೇ ಮಹಾಯುದ್ಧದ ದೃಶ್ಯಕ್ಕೆ ಕತ್ತರಿ ಹಾಕಿದರು. ಕಾನರ್ ಒಬ್ಬ ಪುಟ್ಟ ಹುಡುಗಿಯನ್ನು ನಾಜಿಗಳಿಂದ ಉಳಿಸುವ ದೃಶ್ಯ ಅದು. ಆ ಹುಡುಗಿಯೇ ನ್ಯೂಯಾರ್ಕಿನಲ್ಲಿ ಅವನ ವ್ಯವಹಾರ ನೋಡಿಕೊಳ್ಳುವ, ನೋಡಲಿಕ್ಕೆ ಅವನಿಗಿಂತ ದೊಡ್ಡವಳಂತೆ ಕಾಣುವ ರೇಚಲ್. ಅದನ್ನೇ ತೆಗೆದರೆ ಅವಳು ಸುಮ್ನೆ ಒಬ್ಬ ಸೆಕ್ರೆಟರಿ. ಹೆದರ್‌ಗೆ ಆಗಿದ್ದು ಸಾಕು ಮಗಳಿಗೂ ಆಗುತ್ತಿದೆ ಅನ್ನುವುದು ಪೂರಾ ತಪ್ಪಿಹೋಗುತ್ತದೆ. ಆಮೇಲೆ ಕಡೆಗೆ ಗೆದ್ದವನಿಗೆ ಸಿಗುವ ಬಹುಮಾನದಲ್ಲಿ ಮುಪ್ಪೂ ಇದೆ, ಸಾವೂ ಇದೆ, ಮಕ್ಕಳನ್ನು ಪಡೆಯುವ ಭಾಗ್ಯವೂ ಇದೆ ಅಂದಾಗ ಅದರ ಬೆಲೆ ನೋಡುವವರಿಗೆ ಹೇಗೆ ತಟ್ಟಬೇಕು?

ಅಮೆರಿಕದಲ್ಲಿ ಚಿತ್ರ ಮಕಾಡೆ ಮಲಗಿತು, ಗಳಿಕೆ ಸುಮಾರು 60 ಲಕ್ಷ ಡಾಲರ್ ಅಷ್ಟೇ. ಯುರೋಪಿನ ಪ್ರೇಕ್ಷಕರು, ವಿಡಿಯೋ ಕ್ಯಾಸೆಟ್‌ಗಳು ಕೈಹಿಡಿದಿದ್ದರಿಂದ ಉಳಿಯಿತು. 1992ರಿಂದ 98ರವರೆಗೆ ಟಿವಿ ಸರಣಿಯೂ ಬಂತು, ಅದು ಪರವಾಗಿಲ್ಲ.

ಚಾಡ್ ಸ್ಟಹೆಲ್ಸ್ಕಿ ನಿರ್ದೇಶನದಲ್ಲಿ ಹೆನ್ರಿ ಕ್ಯಾವಿಲ್ ನಟಿಸುವ ಹೊಸ ಹೈಲ್ಯಾಂಡರ್ ಘೋಷಣೆಯಾಗಿದೆ. ಅದರ ಸದ್ದು ಜೋರಾಗುವ ಮೊದಲೇ ಹಳೆಯದಕ್ಕೊಂದು ಅರ್ಧ ಕಾಲಂ ಕೊಡಿ. ಕತ್ತರಿ ಬೀಳದ ಆವೃತ್ತಿಯನ್ನೇ ನೋಡಿ ಅಂತ ಓದುಗರಿಗೆ ಹೇಳಿ. 1991ರ ಎರಡನೇ ಭಾಗ ಮಾತ್ರ ಬೇಡ. ಈ ಚಿರಂಜೀವಿಗಳೆಲ್ಲ ಬೇರೆ ಗ್ರಹದಿಂದ ಬಂದವರು ಅಂತ ಕತೆ ಕಟ್ಟಿದವರಿಗೆ ಪತ್ರಿಕೆಯಲ್ಲಿ ಜಾಗ ಯಾಕೆ?

ಇತಿ,
ನಿಮ್ಮ ಓದುಗ