ಪೆಟ್‌ಕೋಕ್ ಎಲ್ಲೆಲ್ಲಿ ಉರೀತಿದೆ ಅಂತ ಒಮ್ಮೆ ಕೇಳಿ ಸಾರ್

ಮಾನ್ಯ ಸಂಸದರಿಗೆ ನಮಸ್ಕಾರ,

ನಾನು ಶಿರಾಡಿ ಘಾಟಿಯ ಬುಡದಲ್ಲಿ ಸಣ್ಣ ಹೋಟೆಲ್ ನಡೆಸುವವನು. ಕಳೆದ ವಾರ ಲಾರಿಯೊಂದು ಚಾಕ್ಕೆ ನಿಂತಿತ್ತು, ಟಾರ್ಪಾಲಿನ ಮೂಲೆ ಬಿಚ್ಚಿಕೊಂಡು ಕಪ್ಪು ತುಂಡುಗಳು ಅಂಗಳಕ್ಕೆ ಉದುರಿದ್ದವು. ಒಂದನ್ನು ಎತ್ತಿ ನೋಡಿದೆ. ಇದ್ದಿಲಿಗಿಂತ ಭಾರ, ಸ್ಪಂಜಿನ ಹಾಗೆ ತೂತು ತೂತು. ಎರಡು ಸಲ ಸೋಪು ಹಾಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. "ಪೆಟ್‌ಕೋಕ್ ರೀ ಅಣ್ಣಾರ, ಸೇಡಂ ಸಿಮೆಂಟ್ ಫ್ಯಾಕ್ಟರಿಗೆ ಹೊಂಟೈತಿ" ಅಂದ ಡ್ರೈವರ್.

ಆಮೇಲೆ ರಿಫೈನರಿ ಕೆಲಸ ಗೊತ್ತಿರುವ ನೆಂಟರೊಬ್ಬರನ್ನು ಕೂರಿಸಿಕೊಂಡು ಕೇಳಿದೆ. ತುಪ್ಪ ಕಾಯಿಸಿದ ಮೇಲೆ ತಳದಲ್ಲಿ ಚರಟ ಉಳಿಯುತ್ತದಲ್ವಾ, ಕಚ್ಚಾ ತೈಲದಲ್ಲಿ ಇದೂ ಹಾಗೆಯೇ. ಕೊನೆಗೆ ಉಳಿದ ದಪ್ಪ ಎಣ್ಣೆಯನ್ನು 500 ಡಿಗ್ರಿಯ ಹತ್ತಿರ ಕಾಯಿಸಿ ಎತ್ತರದ ಡ್ರಮ್ಮಿಗೆ ಬಿಡುತ್ತಾರೆ, ಹಗುರ ಎಣ್ಣೆ ಆವಿಯಾಗಿ ಹೋಗುತ್ತದೆ, ಗಟ್ಟಿಯಾಗಿ ಕೂತ ಕೋಕನ್ನು ಜೋರಾದ ನೀರಿನಿಂದ ಕೊರೆದು ಕೆಡವುತ್ತಾರೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲೂ ಇದು ತಯಾರಾಗುತ್ತದೆ. ಕಾವು ನಮ್ಮ ದೇಶದ ಕಲ್ಲಿದ್ದಲಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು, ಬೂದಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ತೊಂದರೆ ಇರುವುದು ಗಂಧಕದಲ್ಲಿ, ಸುಟ್ಟರೆ ಉಸಿರು ಕಟ್ಟಿಸುವ ಹೊಗೆ.

ಸಿಮೆಂಟ್ ಗೂಡಿನಲ್ಲಿ ಸುಟ್ಟರೆ ಆ ಗಂಧಕದ ಬಹುಪಾಲನ್ನು ಸಿಮೆಂಟಿಗೆಂದು ಅಲ್ಲಿ ಬೇಯುವ ಸುಣ್ಣವೇ ಹಿಡಿದುಕೊಳ್ಳುತ್ತದೆ. 2017ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳಲ್ಲಿ ಪೆಟ್‌ಕೋಕ್ ನಿಲ್ಲಿಸಿದ ಸುಪ್ರೀಂ ಕೋರ್ಟ್ ಡಿಸೆಂಬರ್‌ನಲ್ಲಿ ಸಿಮೆಂಟಿನವರಿಗೆ ಮತ್ತೆ ಬಿಟ್ಟುಕೊಟ್ಟದ್ದು ಅದಕ್ಕೇ. ಹಾಗಾಗಿ ಸೇಡಂಗೆ ಹೋಗುವ ಲಾರಿಯ ಬಗ್ಗೆ ನನ್ನ ತಕರಾರಿಲ್ಲ, ಟಾರ್ಪಾಲು ಸರಿಯಾಗಿ ಕಟ್ಟಿದ್ದರೆ. ಆದರೆ ಅದೇ ಕೋಕನ್ನು ಯಾವುದೋ ಸಣ್ಣ ಫ್ಯಾಕ್ಟರಿಯ ಬಾಯ್ಲರಿಗೆ ಸುರಿದರೆ ಅಲ್ಲಿ ಸುಣ್ಣ ಎಲ್ಲಿದೆ? ಎಲ್ಲ ಚಿಮಣಿಯಿಂದ ಊರಿನ ಮೇಲೆ.

ಇನ್ನೊಂದು. ಅಲ್ಯುಮಿನಿಯಂಗೆ ಬೇಕು, ಬ್ಯಾಟರಿಗೆ ಬೇಕು ಅಂತ ಯಾರಾದರೂ ಸ್ಟೇಜಿನ ಮೇಲೆ ಹೇಳಿದರೆ ಸುಮ್ನೆ ತಲೆ ಆಡಿಸಬೇಡಿ. ಒಂದು ಟನ್ ಅಲ್ಯುಮಿನಿಯಂಗೆ ಸುಮಾರು 400 ಕೆಜಿ ಇಂಗಾಲ ಬೇಕು ಅನ್ನುವುದು ನಿಜ, ಅದು ಬಹುಪಾಲು ಪೆಟ್‌ಕೋಕ್‌ನಿಂದಲೇ ಬರುತ್ತದೆ. ಆದರೆ ಅದಕ್ಕೆ ಗಂಧಕವೂ ವನೇಡಿಯಂ, ನಿಕ್ಕಲ್ ಅನ್ನುವ ಲೋಹಗಳೂ ಕಮ್ಮಿ ಇರುವ ಮಾಲೇ ಆಗಬೇಕು. ಗಂಧಕ ಜಾಸ್ತಿ ಇರುವ ಕೋಕಿಗೆ ಆ ಭಾಗ್ಯ ಇಲ್ಲ. ಸಿಮೆಂಟ್ ಬಿಟ್ಟರೆ ಅಂಥದಕ್ಕೆ ಇರುವ ಇನ್ನೊಂದು ದಾರಿ ಅಂದರೆ ಜಾಮ್‌ನಗರದಲ್ಲಿ ರಿಲಯನ್ಸ್ ಮಾಡಿದ ಹಾಗೆ ಆ ಕೋಕನ್ನೇ ಗ್ಯಾಸಾಗಿ ಮಾರ್ಪಡಿಸುವುದು. ಅಲ್ಲಿ ಗಂಧಕ ಬೇರೆಯಾಗಿ ಸಿಗುತ್ತದೆ, ಗೊಬ್ಬರದ ಫ್ಯಾಕ್ಟರಿಗೆ ಮಾರಬಹುದು. ಖರ್ಚು ಭಾರೀ, ಗೊತ್ತು.

ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆ ನಮ್ಮ ಮಂಗಳೂರು ರಿಫೈನರಿಯ ಮಗ್ಗುಲಲ್ಲೇ ಇದೆ. ಈ ಕೋಕಿನಿಂದ ಗ್ಯಾಸ್ ಎಷ್ಟು, ಗಂಧಕ ಎಷ್ಟು ಅಂತ ಅವರಿಂದ ಒಂದು ಸಣ್ಣ ಪ್ರಯೋಗ ಮಾಡಿಸಿ. ಅದಕ್ಕೂ ಮೊದಲು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿ: ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ಟನ್ ಪೆಟ್‌ಕೋಕ್ ಸಿಮೆಂಟಿಗೆ ಹೋಗುತ್ತದೆ, ಎಷ್ಟು ಬಾಯ್ಲರಿಗೆ? ಉತ್ತರ ಬಂದರೆ ನಮಗೂ ತೋರಿಸಿ.

ಆ ತುಂಡು ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದೇನೆ. ಬೆಂಗಳೂರಿಗೆ ಹೋಗುವಾಗ ಕಾರು ನಿಲ್ಲಿಸಿ, ಕೈಗೆ ಕೊಡುತ್ತೇನೆ. ಸೋಪೂ ಇದೆ.

ಇಂತಿ,
ಘಾಟಿ ಬುಡದ ಹೋಟೆಲಿನವನು