ಕಾಲು ನೇರವಾಯಿತು, ನೆರವಾದವರಿಗೆ ನಮಸ್ಕಾರ

ಬಲ ಮೊಣಕಾಲಿನ ಕೀಲು ಬದಲಿ ಶಸ್ತ್ರಚಿಕಿತ್ಸೆಯಾಗಿ, ಕೋಲಿನ ಆಸರೆಯಿಲ್ಲದೆ ಮೆಟ್ಟಿಲು ಹತ್ತಿ ಇಳಿಯುವಷ್ಟು ಚೇತರಿಸಿಕೊಂಡಿರುವ ಈ ಹೊತ್ತಿನಲ್ಲಿ, ಅದಕ್ಕೆ ಕಾರಣರಾದವರನ್ನು ಬಹಿರಂಗವಾಗಿ ನೆನೆಯಬೇಕೆಂದು ಈ ಬರಹ.

ಮೊದಲ ನಮಸ್ಕಾರ ಶಸ್ತ್ರಚಿಕಿತ್ಸಕರಿಗೆ. ಹಿಂದೊಮ್ಮೆ ಮುರಿದು, ಬಾಗಿಯೇ ಕೂಡಿಕೊಂಡಿದ್ದ ನನ್ನ ತೊಡೆಮೂಳೆಯಲ್ಲಿ ಹಳೆಯ ಲೋಹದ ಪಟ್ಟಿ, ತಿರುಪುಗಳು ಹಾಗೆಯೇ ಉಳಿದಿದ್ದವು. ಸಾಮಾನ್ಯ ವಿಧಾನದಲ್ಲಿ ತೊಡೆಮೂಳೆಯ ಮಜ್ಜೆಯ ನಾಳದೊಳಗೆ ಉದ್ದನೆಯ ಸರಳನ್ನು ತೂರಿಸಿ, ಅದರ ಆಧಾರದಲ್ಲಿ ಮೂಳೆ ಕತ್ತರಿಸುವ ಕೋನವನ್ನು ಗೊತ್ತುಮಾಡುತ್ತಾರೆ. ನನ್ನ ಮೂಳೆಯಲ್ಲಿ ಆ ಸರಳಿಗೆ ದಾರಿಯೇ ಇರಲಿಲ್ಲ. ಅವರು ಎಕ್ಸ್‌ರೇ ಮೇಲೆ ಸೊಂಟದ ಕೀಲಿನಿಂದ ಪಾದದ ಕೀಲಿನವರೆಗೆ ಗೆರೆ ಎಳೆದು, ಅದು ಮಂಡಿಯ ನಡುವೆ ಹಾಯದೆ ಒಳಬದಿಗೆ ಸರಿದಿರುವುದನ್ನು ತೋರಿಸಿ, ಕಂಪ್ಯೂಟರ್ ನ್ಯಾವಿಗೇಷನ್, ಅಂದರೆ ಮೂಳೆ ಕತ್ತರಿಸುವ ಕೋನವನ್ನು ಸರಳಿನ ಬದಲು ಕಂಪ್ಯೂಟರ್ ತೋರಿಸಿಕೊಡುವ ವಿಧಾನ, ಏಕೆ ಬೇಕೆಂದು ಸಹನೆಯಿಂದ ತಿಳಿಸಿದರು.

ಈ ವಿಧಾನದಲ್ಲಿ ತೊಡೆಮೂಳೆಗೂ ಮಂಡಿಯ ಕೆಳಗಿನ ಕಣಕಾಲಿನ ಮೂಳೆಗೂ ಪಿನ್ನುಗಳ ಮೂಲಕ ಪುಟ್ಟ ಗೋಲಿಗಳನ್ನು ಜೋಡಿಸುತ್ತಾರೆ. ಅವುಗಳ ಚಲನೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾ ಹಿಂಬಾಲಿಸುತ್ತದೆ. ಸೊಂಟದ ಕೀಲಿನ ಕೇಂದ್ರ ಮಾಂಸದಾಳದಲ್ಲಿ ಅಡಗಿರುವುದರಿಂದ ಕಾಲನ್ನೇ ನಿಧಾನವಾಗಿ ಸುತ್ತ ತಿರುಗಿಸುತ್ತಾರೆ, ಗೋಲಿಗಳು ಸಾಗಿದ ಜಾಡಿನಿಂದ ಕಂಪ್ಯೂಟರ್ ಆ ಬಿಂದುವನ್ನು ಲೆಕ್ಕಹಾಕುತ್ತದೆ ಎಂದು ಕೇಳಿ ನಾನು ಬೆರಗಾದೆ. ಮೂಳೆ ಕತ್ತರಿಸುವುದು ವೈದ್ಯರ ಕೈಯೇ. ಯಂತ್ರವು ಕೋನವನ್ನು ಹೇಳುತ್ತದೆ; ಕಾಲು ಚಾಚಿದಾಗಲೂ 90 ಡಿಗ್ರಿ ಮಡಿಸಿದಾಗಲೂ ಅಸ್ಥಿರಜ್ಜುಗಳ (ಮೂಳೆಗಳನ್ನು ಒಂದಕ್ಕೊಂದು ಬಿಗಿದಿಡುವ ಪಟ್ಟಿಗಳ) ಬಿಗಿತ ಎರಡೂ ಬದಿಗೆ ಸಮವಾಗಿದೆಯೇ ಎಂಬುದನ್ನು ಪರದೆಯ ಮೇಲೆ ತೋರಿಸುತ್ತದೆ. ಪಿನ್ನು ಕೂತಿದ್ದ ಜಾಗಗಳಲ್ಲಿ ಈಗ ಹೆಸರುಕಾಳಿನಷ್ಟು ಕಲೆಗಳು ಮಾತ್ರ ಉಳಿದಿವೆ.

ಸೊಂಟದಿಂದ ಪಾದದವರೆಗಿನ ಕಾಲಿನ ಅಕ್ಷ ನೇರಗೆರೆಯಿಂದ 3 ಡಿಗ್ರಿಗಿಂತ ಹೆಚ್ಚು ವಾಲುವ ಸಂಭವ ಇದರಿಂದ ಕಡಿಮೆಯಾಗುತ್ತದೆಯಾದರೂ, ಎಲ್ಲ ರೋಗಿಗಳ ನೋವು, ನಡಿಗೆಗಳಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆಂದು ಸಾಬೀತಾಗಿಲ್ಲ, ಶಸ್ತ್ರಚಿಕಿತ್ಸೆಯ ಅವಧಿ ತುಸು ಹೆಚ್ಚುತ್ತದೆ, ಅಪರೂಪಕ್ಕೆ ಪಿನ್ನಿನ ಜಾಗದಲ್ಲಿ ಮೂಳೆ ಬಿರುಕು ಬಿಡುವುದೂ ಉಂಟು ಎಂದು ವೈದ್ಯರು ಮೊದಲೇ ಹೇಳಿದ್ದರು. ಅವರ ಕೈಚಳಕಕ್ಕಿಂತಲೂ ಈ ಪ್ರಾಮಾಣಿಕತೆಗೆ ನಾನು ಹೆಚ್ಚು ಋಣಿ.

1997ರ ಜನವರಿಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡೊಮಿನಿಕ್ ಸಾರಾಗಾಗ್ಲಿಯಾ ಮತ್ತು ಸಂಗಡಿಗರು ಈ ತಂತ್ರದಿಂದ ಮೊದಲ ಮಂಡಿ ಬದಲಿ ಶಸ್ತ್ರಚಿಕಿತ್ಸೆ ನಡೆಸಿದರು. ನನ್ನಂಥ ವಕ್ರ ಮೂಳೆಯವರಿಗೂ ದಾರಿ ತೆರೆದ ಅವರಿಗೂ, ಅವರ ಜೊತೆ ದುಡಿದ ಎಂಜಿನಿಯರುಗಳಿಗೂ ವಂದನೆ.

ಅರಿವಳಿಕೆ ತಜ್ಞರಿಗೆ, ರಾತ್ರಿಯೆಲ್ಲ ಎಚ್ಚರವಿದ್ದು ನೋಡಿಕೊಂಡ ದಾದಿಯರಿಗೆ, ಬೇಸರಿಸದೆ ಆರೈಕೆ ಮಾಡಿದ ಮನೆಯವರಿಗೆ ನಾನು ಚಿರಋಣಿ. ಕೀಲು ಎಷ್ಟೇ ಕರಾರುವಾಕ್ಕಾಗಿ ಕೂತರೂ ಮಡಿಸದೆ ಬಿಟ್ಟರೆ ಮಂಡಿ ಬಿಗಿದುಕೊಳ್ಳುತ್ತದೆ. ನೋವಿನಿಂದ ನಾನು ಬೇಡವೆಂದಾಗಲೂ ಬಿಡದೆ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಇಷ್ಟಿಷ್ಟೇ ಹಿಂದಕ್ಕೆ ಜಾರಿಸಲು ಕಲಿಸಿದ ಫಿಸಿಯೋಥೆರಪಿಸ್ಟ್ ಅವರಿಗೆ ವಿಶೇಷ ಕೃತಜ್ಞತೆಗಳು.